ಊಟದ ಮೇಜಿನ ಮೇಲೊಂದು ಯುದ್ಧನೌಕೆ

ನಾನು ಸಮುದ್ರ ಕಂಡದ್ದು ಒಂದೇ ಸಲ, ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರಿಗೂ ಹೋಗಿದ್ದಾಗ. ಅಂಥವಳು ಯುದ್ಧನೌಕೆಗೆ ಬಣ್ಣ ಬಳಿದೆನೆಂದರೆ ನಮ್ಮ ಹಗರೆಯಲ್ಲಿ ಯಾರೂ ನಂಬುವುದಿಲ್ಲ!

ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡು ಮಗ ಮನೆಗೆ ಬಂದಿದ್ದ. ಎರಡು ತಿಂಗಳು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಊಟಕ್ಕೆ ಕರೆದರೆ "ಆಮೇಲೆ" ಅನ್ನೋನು. ಒಂದು ದಿನ ಅವನ ಹೆಸರಿಗೆ ಪೆಟ್ಟಿಗೆಯೊಂದು ಬಂತು. ಒಳಗೆ 'ರೋಮಾ' ಎಂಬ ಇಟಲಿಯ ಯುದ್ಧನೌಕೆಯ ಪ್ಲಾಸ್ಟಿಕ್ ಬಿಡಿಭಾಗಗಳು.

"ಇದನ್ನ ಕಟ್ಟಿದ್ರೆ ಹೊಟ್ಟೆ ತುಂಬುತ್ತೇನೋ?" ಎಂದು ನಮ್ಮ ಯಜಮಾನರು ರೇಗಿದರು. ನಾನು ಮಾತಾಡಲಿಲ್ಲ. ಮಗ ಕೋಣೆಯಿಂದ ಊಟದ ಮೇಜಿಗೆ ಬಂದಿದ್ದನಲ್ಲ, ನನಗೆ ಅಷ್ಟೇ ಸಾಕಿತ್ತು.

"ಏಳುನೂರಕ್ಕೆ ಒಂದರ ಅಳತೆ ಅಮ್ಮ" ಅಂದ. ಬೇಲೂರು ದೇವಸ್ಥಾನದ ಮೆಟ್ಟಿಲ ಅಕ್ಕಪಕ್ಕ ದೊಡ್ಡ ಗುಡಿಯನ್ನೇ ಕುಗ್ಗಿಸಿಟ್ಟಂಥ ಪುಟ್ಟ ಗುಡಿಗಳಿವೆಯಲ್ಲ, ಹಾಗೆ. ನಿಜವಾದ ಹಡಗು ಸುಮಾರು 240 ಮೀಟರ್ ಉದ್ದ. ನಮ್ಮದು 34 ಸೆಂಟಿಮೀಟರ್.

ಮೊದಲು ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಜಿಡ್ಡಿದ್ದರೆ ಬಣ್ಣ ಹಿಡಿಯದು. ಕತ್ತರಿಸಿದ ಅಂಚನ್ನು ಉಪ್ಪುಕಾಗದದಿಂದ ಉಜ್ಜಬೇಕು. ಬಣ್ಣ ಹಾಲಿನ ಹದಕ್ಕಿರಲಿ. ಒಮ್ಮೆಗೇ ದಪ್ಪಗೆ ಬಳಿಯದೆ, ತೆಳ್ಳಗೆ ಎರಡು ಮೂರು ಸಲ ಬಳಿಯಿರಿ. ಕಂಬದ ಹಗ್ಗಗಳಿಗೆ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು ಎಳೆದರೆ ಆಯಿತು. ಒಂದೆಳೆ ಪಾಕ ನೋಡಿ ಗೊತ್ತಿದ್ದವರಿಗೆ ಇದೇನು ಕಷ್ಟ!

ಹಡಗಿನ ಮುಂಭಾಗದಲ್ಲಿ ಕೆಂಪು ಬಿಳಿ ಓರೆ ಪಟ್ಟೆಗಳಿವೆ. ಮಗನ ಕೈ ನಡುಗಿತು. "ನೀನು ರಂಗೋಲಿ ಹಾಕ್ತೀಯಲ್ಲ, ನೀನೇ ಹಾಕಮ್ಮ" ಅಂದ. ಮೊದಲು ಬಿಳಿ ಬಳಿದು, ಒಣಗಿದ ಮೇಲೆ ಟೇಪು ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತಿ, ಕೆಂಪು ಹಚ್ಚಿದೆ.

"ಈ ಪಟ್ಟೆ ಯಾಕೋ?" ಅಂದೆ. ತಮ್ಮ ಕಡೆಯ ವಿಮಾನಗಳು ಮೇಲಿನಿಂದ ಗುರುತು ಹಿಡಿಯಲೆಂದು ಬಳಿಯುತ್ತಿದ್ದರಂತೆ. ಮುಂದಿನದನ್ನೂ ಅವನೇ ಹೇಳಿದ. 1943ರ ಸೆಪ್ಟೆಂಬರ್ 8ರಂದು ಇಟಲಿ ಯುದ್ಧ ನಿಲ್ಲಿಸಿದ್ದು ಪ್ರಕಟವಾಯಿತು. ಮರುದಿನವೇ, ಅದುವರೆಗೆ ಸ್ನೇಹಿತರಾಗಿದ್ದ ಜರ್ಮನರ ವಿಮಾನಗಳು ಸಾರ್ಡೀನಿಯಾ ದ್ವೀಪದ ಬಳಿ ಬಾಂಬು ಹಾಕಿ ರೋಮಾವನ್ನು ಮುಳುಗಿಸಿದವು. ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಹಡಗಿನ ಅವಶೇಷ ಸಿಕ್ಕಿದ್ದು 2012ರಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ.

ದೂರದ ದೇಶದ ಕತೆ, ನಮಗೇಕೆ ಅನ್ನಬೇಡಿ. ಅದೇ ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲೂ ಇರಿಸಿದ್ದರು. ಅವರಿಗಾಗಿಯೂ ಎಲ್ಲೋ ತಾಯಂದಿರು ಕಾದಿದ್ದರಲ್ಲವೇ?

"ಈ ಅಳತೆಗೆ ಮನುಷ್ಯ ಎಷ್ಟಾಗ್ತಾನೋ?" ಎಂದು ಕೇಳಿದೆ. ಲೆಕ್ಕ ಹಾಕಿ, "ಎರಡೂವರೆ ಮಿಲಿಮೀಟರ್. ಒಂದು ಎಳ್ಳುಕಾಳಿನಷ್ಟು" ಅಂದ. ಪಿತೃಪಕ್ಷದಲ್ಲಿ ಎಳ್ಳುನೀರು ಬಿಡುವುದು ನೆನಪಾಯಿತು. ಕುಂಚ ಕೆಳಗಿಟ್ಟೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನಾಗಿಯೇ, "ಕೆಲಸದಿಂದ ತೆಗೆದ ದಿನ ನಂಗೆ ಮನೆಗೆ ಬರೋಕೇ ನಾಚಿಕೆಯಾಗಿತ್ತಮ್ಮ" ಅಂದ. ಎರಡು ತಿಂಗಳಿಂದ ನಾನು ಕಾಯುತ್ತಿದ್ದದ್ದು ಈ ಮಾತಿಗೆ.

ಹಡಗೀಗ ಷೋಕೇಸಿನಲ್ಲಿದೆ. ಒಂದು ಪಟ್ಟೆ ಸ್ವಲ್ಪ ಸೊಟ್ಟ. ಮನೆಗೆ ಬಂದವರಿಗೆಲ್ಲ ತೋರಿಸುವವರು ಯಜಮಾನರೇ! ಮಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಅರ್ಜಿ ಹಾಕುತ್ತಿದ್ದಾನೆ. ಊಟಕ್ಕೆ ಮಾತ್ರ ಕರೆಯುವ ಮೊದಲೇ ಬಂದು ಕೂರುತ್ತಾನೆ.