ಸಂಸ್ಥೆಗಳಲ್ಲಿ ಜ್ಞಾನ ನಿರ್ವಹಣೆ ಮತ್ತು ಮಾಹಿತಿ ವೃತ್ತಿಪರರ ಪಾತ್ರ: ಕನ್ನಡ ಸಂಶೋಧನೆಯ ನೆಲೆಯಿಂದ ಒಂದು ವಿವೇಚನೆ

ಪ್ರಸ್ತಾವನೆ

ಯಾವುದೇ ಸಂಸ್ಥೆಯ ಆಸ್ತಿಯನ್ನು ಲೆಕ್ಕ ಹಾಕುವಾಗ ಕಟ್ಟಡ, ಯಂತ್ರ, ಪೀಠೋಪಕರಣ, ಹಣ ಇವುಗಳನ್ನು ಪಟ್ಟಿ ಮಾಡುವುದು ರೂಢಿ. ಅಲ್ಲಿ ದುಡಿಯುವವರ ಅರಿವು ಈ ಪಟ್ಟಿಯಲ್ಲಿ ಸೇರುವುದಿಲ್ಲ. ಮೂವತ್ತು ವರ್ಷ ಸೇವೆ ಸಲ್ಲಿಸಿದವರೊಬ್ಬರು ನಿವೃತ್ತರಾದಾಗ ಅವರ ವಶದಲ್ಲಿದ್ದ ಕಡತಗಳನ್ನು, ಬೀಗದ ಕೈಗಳನ್ನು ಎಣಿಸಿ ಪಡೆಯಲಾಗುತ್ತದೆ. ಅವರ ತಿಳಿವಳಿಕೆಯನ್ನು ಪಡೆದುಕೊಳ್ಳುವ ಕ್ರಮ ಸಾಮಾನ್ಯವಾಗಿ ಇರುವುದಿಲ್ಲ. ಈ ಕೊರತೆಯ ಅರಿವಿನಿಂದ 1990ರ ದಶಕದಲ್ಲಿ ನಿರ್ವಹಣಾ ಶಾಸ್ತ್ರದಲ್ಲಿ ವಿಶೇಷವಾಗಿ ಬೆಳೆದು ಬಂದ ಪರಿಕಲ್ಪನೆಯೇ ಜ್ಞಾನ ನಿರ್ವಹಣೆ. ಸಂಸ್ಥೆಯೊಳಗಿನ ಅರಿವನ್ನು ಗುರುತಿಸುವುದು, ದಾಖಲಿಸುವುದು, ಹಂಚುವುದು ಮತ್ತು ಹೊಸ ಅರಿವಿನ ಸೃಷ್ಟಿಗೆ ಅದನ್ನು ಬಳಸುವುದು ಎಂದು ಇದನ್ನು ಸ್ಥೂಲವಾಗಿ ವಿವರಿಸಬಹುದು.

ಈ ಪರಿಕಲ್ಪನೆ ವಾಣಿಜ್ಯ ಜಗತ್ತಿನಲ್ಲಿ ಬೆಳೆದದ್ದು ಎಂಬ ಕಾರಣಕ್ಕೆ ಸಾಹಿತ್ಯ ಸಂಶೋಧಕರು ಅದನ್ನು ದೂರವಿಡುವಂತಿಲ್ಲ. ನಿಘಂಟು ಕಚೇರಿ, ಹಸ್ತಪ್ರತಿ ಭಂಡಾರ, ಜಾನಪದ ಸಂಗ್ರಹಾಲಯ, ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವೆಲ್ಲವೂ ಜ್ಞಾನವನ್ನೇ ಬಂಡವಾಳವಾಗಿ ಉಳ್ಳ ಸಂಸ್ಥೆಗಳು. ಜ್ಞಾನ ನಿರ್ವಹಣೆಯ ತಿರುಳು ಸಂಗ್ರಹದಲ್ಲಿಲ್ಲ, ತಿಳಿದವರಿಗೂ ತಿಳಿಯಬೇಕಾದವರಿಗೂ ನಡುವಿನ ಸಂಬಂಧವನ್ನು ಉಳಿಸುವುದರಲ್ಲಿದೆ ಎಂಬುದು ಪ್ರಸ್ತುತ ಲೇಖನದ ನಿಲುವು. ಈ ಸಂಬಂಧ ತಾನಾಗಿ ಏರ್ಪಡುವುದಿಲ್ಲ. ಅದನ್ನು ಏರ್ಪಡಿಸುವವರು ಗ್ರಂಥಪಾಲಕರು, ಸೂಚೀಕಾರರು, ದಾಖಲಾತಿ ತಜ್ಞರು. ಅಂದರೆ ಮಾಹಿತಿ ವೃತ್ತಿಪರರು.

ದತ್ತಾಂಶ, ಮಾಹಿತಿ, ಜ್ಞಾನ

ಈ ಮೂರು ಪದಗಳನ್ನು ನಾವು ಅನೇಕ ವೇಳೆ ಸಮಾನಾರ್ಥಕಗಳಂತೆ ಬಳಸುತ್ತೇವೆ. ಇವುಗಳ ಅಂತರವನ್ನು ಶಾಸನಶಾಸ್ತ್ರದ ನಿದರ್ಶನದಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಶಿಲೆಯ ಮೇಲಿನಿಂದ ತೆಗೆದ ಅಚ್ಚಿನಲ್ಲಿ ಮೂಡಿರುವ ಅಕ್ಷರಗಳು ದತ್ತಾಂಶ. ಅವುಗಳನ್ನು ಓದಿ ಅರಸನ ಹೆಸರು, ಶಕವರ್ಷ, ದತ್ತಿಯ ವಿವರ ಇವುಗಳನ್ನು ಬೇರ್ಪಡಿಸಿದಾಗ ದೊರೆಯುವುದು ಮಾಹಿತಿ. ಶಾಸನ ಹೇಳುವ ಕಾಲಕ್ಕೂ ಅದರ ಲಿಪಿಯ ಸ್ವರೂಪಕ್ಕೂ ಹೊಂದಿಕೆಯಿಲ್ಲ, ಆದ್ದರಿಂದ ಇದು ನಂತರದ ಕಾಲದ ಕೂಟಶಾಸನವಾಗಿರಬಹುದು ಎಂದು ಸಂಶಯಿಸುವ ಸಾಮರ್ಥ್ಯ ಜ್ಞಾನ. ಮೊದಲ ಎರಡನ್ನು ಕಾಗದದ ಮೇಲೆ ವರ್ಗಾಯಿಸಬಹುದು. ಮೂರನೆಯದು ನೂರಾರು ಶಾಸನಗಳನ್ನು ಓದಿದ ಕಣ್ಣಿನಲ್ಲಿ ನೆಲೆಸಿರುತ್ತದೆ.

ಇಂತಹ ಅರಿವನ್ನು ತಾತ್ವಿಕವಾಗಿ ವಿವೇಚಿಸಿದವರಲ್ಲಿ ಹಂಗೇರಿ ಮೂಲದ ಚಿಂತಕ ಮೈಕೆಲ್ ಪೊಲಾನಿ ಪ್ರಮುಖರು. ಮನುಷ್ಯನು ಮಾತಿನಲ್ಲಿ ಹೇಳಬಲ್ಲುದಕ್ಕಿಂತ ಹೆಚ್ಚನ್ನು ಬಲ್ಲವನಾಗಿರುತ್ತಾನೆ ಎಂಬುದು 1966ರಲ್ಲಿ ಪ್ರಕಟವಾದ ಅವರ ಕೃತಿಯ ಮುಖ್ಯ ಪ್ರತಿಪಾದನೆ. ಪರಿಚಿತರ ಮುಖವನ್ನು ಸಾವಿರ ಜನರ ನಡುವೆ ಗುರುತಿಸುವವರು ಹೇಗೆ ಗುರುತಿಸಿದೆವೆಂದು ವಿವರಿಸಲಾರರು. ಇದನ್ನು ಅವ್ಯಕ್ತ ಜ್ಞಾನವೆಂದೂ ಬರಹ, ಸೂತ್ರ, ಚಿತ್ರಗಳ ಮೂಲಕ ಹೊರಗೆ ಬಂದುದನ್ನು ವ್ಯಕ್ತ ಜ್ಞಾನವೆಂದೂ ಕರೆಯಬಹುದು.

ಜ್ಞಾನ ಪರಿವರ್ತನೆಯ ನಾಲ್ಕು ಬಗೆಗಳು

ಅವ್ಯಕ್ತವು ವ್ಯಕ್ತವಾಗುವ ಬಗೆಯನ್ನು ಸಂಸ್ಥೆಗಳ ಹಿನ್ನೆಲೆಯಲ್ಲಿ ಅಭ್ಯಸಿಸಿದವರು ಜಪಾನಿನ ವಿದ್ವಾಂಸರಾದ ಇಕುಜಿರೊ ನೊನಾಕಾ ಮತ್ತು ಹಿರೊಟಾಕಾ ಟಕೆಯುಚಿ. 1995ರ ತಮ್ಮ ಗ್ರಂಥದಲ್ಲಿ ಅವರು ನಾಲ್ಕು ಬಗೆಗಳನ್ನು ಗುರುತಿಸಿದ್ದಾರೆ. ಒಡನಾಟದಿಂದ ಅವ್ಯಕ್ತವು ಅವ್ಯಕ್ತವಾಗಿಯೇ ಒಬ್ಬರಿಂದೊಬ್ಬರಿಗೆ ಸಾಗುವುದು ಸಾಹಚರ್ಯ. ಅವ್ಯಕ್ತಕ್ಕೆ ಮಾತಿನ ರೂಪ ಬರುವುದು ವ್ಯಕ್ತೀಕರಣ. ಚದುರಿದ ವ್ಯಕ್ತ ಜ್ಞಾನಗಳು ಒಂದುಗೂಡುವುದು ಸಂಯೋಜನೆ. ಓದಿ ತಿಳಿದದ್ದು ಅಭ್ಯಾಸಬಲದಿಂದ ಮತ್ತೆ ಕೈಗೆ ಹತ್ತುವುದು ಅಂತರ್ಗತೀಕರಣ.

ಇದಕ್ಕೆ ಅವರು ನೀಡುವ ಪ್ರಸಿದ್ಧ ನಿದರ್ಶನ ಮತ್ಸುಶಿತಾ ಸಂಸ್ಥೆಯ ಮನೆಬಳಕೆಯ ಬ್ರೆಡ್ ಯಂತ್ರ. ಯಂತ್ರದಲ್ಲಿ ನಾದಿದ ಹಿಟ್ಟು ಸರಿಯಾಗಿ ಬೇಯುತ್ತಿರಲಿಲ್ಲ; ಪರೀಕ್ಷೆಗಳಿಂದ ಕಾರಣ ತಿಳಿಯಲಿಲ್ಲ. ಆಗ ಸಂಸ್ಥೆಯ ತಂತ್ರಾಂಶ ತಜ್ಞೆ ಇಕುಕೊ ತನಾಕಾ ಅವರು ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬ್ರೆಡ್ ತಯಾರಕರ ಬಳಿ ಶಿಷ್ಯವೃತ್ತಿ ಮಾಡಿದರು. ಅವರು ಹಿಟ್ಟನ್ನು ಎಳೆಯುವುದರ ಜೊತೆಗೆ ತಿರುಚುತ್ತಲೂ ಇದ್ದರೆಂಬುದನ್ನು ಕಂಡುಕೊಂಡರು. ಆ ಚಲನೆಯನ್ನು ಮಾತಿಗೆ ತಂದು, ಎಂಜಿನಿಯರುಗಳು ಅದನ್ನು ಯಂತ್ರಕ್ಕೆ ಅಳವಡಿಸಿದ ಮೇಲೆ 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂದಿತು. ಹೀಗೆ ತಿರುಚುತ್ತೇನೆಂದು ಆ ಕುಶಲಿ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅದನ್ನು ಹೊರತರಲು ಬಳಿಯಲ್ಲಿ ನಿಂತು ನೋಡುವವರು ಬೇಕಾಯಿತು.

ಕನ್ನಡದಲ್ಲಿ ಇದಕ್ಕೆ ಸಮಾನವಾದ ಘಟ್ಟವೆಂದರೆ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’. ಪಾಠಾಂತರಗಳಲ್ಲಿ ಯಾವುದನ್ನು ಸ್ವೀಕರಿಸಬೇಕು, ಲಿಪಿಕಾರನ ತಪ್ಪು ಹೇಗೆ ಹುಟ್ಟುತ್ತದೆ ಎಂಬ ತಿಳಿವಳಿಕೆ ಬಹುಕಾಲ ಗುರುಗಳ ಬಳಿ ಕುಳಿತು ಓಲೆಗಳನ್ನು ಓದುವುದರಿಂದ ಮಾತ್ರ ದೊರೆಯುತ್ತಿತ್ತು. 1964ರಲ್ಲಿ ಬಂದ ಈ ಗ್ರಂಥ ಆ ಅನುಭವವನ್ನು ಶಾಸ್ತ್ರವಾಗಿ ನಿರೂಪಿಸಿತು. ನೊನಾಕಾ ಅವರ ಪರಿಭಾಷೆಯಲ್ಲಿ ಇದು ವ್ಯಕ್ತೀಕರಣ. ಆದರೆ ಗ್ರಂಥವನ್ನು ಓದಿದವರೆಲ್ಲ ಸಂಪಾದಕರಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅಂತರ್ಗತೀಕರಣಕ್ಕೆ ಓಲೆ, ಗುರು ಮತ್ತು ಕಾಲ ಮೂರೂ ಬೇಕು.

ಎರಡು ಸಂಸ್ಥೆಗಳ ಅನುಭವ

ಜ್ಞಾನ ನಿರ್ವಹಣೆಯನ್ನು ಗಣಕ ವ್ಯವಸ್ಥೆಯ ಸ್ಥಾಪನೆಯೆಂದು ಭಾವಿಸುವುದು ಸಾಮಾನ್ಯ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸಲು ಎರಡು ಸಂಸ್ಥೆಗಳ ಅನುಭವ ನೆರವಾಗುತ್ತದೆ.

ಮೊದಲನೆಯದು ಅಮೆರಿಕದ ಜೆರಾಕ್ಸ್. ನಕಲು ಯಂತ್ರಗಳನ್ನು ದುರಸ್ತಿ ಮಾಡುವವರ ದುಡಿಮೆಯನ್ನು ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಅವರೊಡನಿದ್ದು ಅಧ್ಯಯನ ಮಾಡಿ 1996ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಕೈಪಿಡಿಯಲ್ಲಿ ಇಲ್ಲದ ದೋಷಗಳನ್ನು ದುರಸ್ತಿಗಾರರು ಊಟ, ಕಾಫಿಯ ಹೊತ್ತಿನಲ್ಲಿ ಪರಸ್ಪರ ಹೇಳಿಕೊಳ್ಳುವ ಪ್ರಸಂಗಗಳ ಮೂಲಕ ಪರಿಹರಿಸಿಕೊಳ್ಳುತ್ತಿದ್ದರು ಎಂಬುದು ಅವರು ಕಂಡ ಸತ್ಯ. ಇಂತಹ ಸಲಹೆಗಳನ್ನು ಎಲ್ಲರಿಗೂ ತಲುಪಿಸಲು ಜೆರಾಕ್ಸ್ ಯುರೇಕಾ ಎಂಬ ವ್ಯವಸ್ಥೆಯನ್ನು ರೂಪಿಸಿತು. ಅದರಲ್ಲಿ ಬಂದ ಸಲಹೆಯನ್ನು ಅನುಭವಿ ದುರಸ್ತಿಗಾರರೇ ಪರೀಕ್ಷಿಸಿ ಒಪ್ಪಬೇಕಾಗಿತ್ತು. ಒಪ್ಪಿತವಾದದ್ದು ನೀಡಿದವರ ಹೆಸರಿನೊಡನೆ ಪ್ರಕಟವಾಗುತ್ತಿತ್ತು.

ಎರಡನೆಯದು ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಇನ್ಫೋಸಿಸ್. ನೌಕರರು ತಮ್ಮ ಅನುಭವಗಳನ್ನು ಬರೆದು ಸಲ್ಲಿಸುವ ಕೆ-ಶಾಪ್ ಎಂಬ ಜ್ಞಾನಕೋಶವನ್ನು ಈ ಸಂಸ್ಥೆ ನಿರ್ಮಿಸಿತು. ಆರಂಭದಲ್ಲಿ ಸಲ್ಲಿಕೆಗಳು ಸಾಲದಾದುದರಿಂದ, ಬರೆದವರಿಗೂ ಓದಿ ಅಂಕ ನೀಡಿದವರಿಗೂ ಹಣದ ಬೆಲೆಯುಳ್ಳ ಜ್ಞಾನ ನಾಣ್ಯಗಳನ್ನು ನೀಡುವ ಯೋಜನೆ ಜಾರಿಗೆ ಬಂದಿತು. ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಪರಿಣಾಮವನ್ನು ವಿಶ್ಲೇಷಿಸಿದೆ. ಸಲ್ಲಿಕೆಗಳು ಪ್ರವಾಹದಂತೆ ಬಂದವು. ಪರಿಶೀಲಕರಿಗೆ ಹೊರೆ ಹೆಚ್ಚಿತು. ಬೇಕಾದುದನ್ನು ಹುಡುಕಲು ಹಿಡಿಯುವ ಸಮಯ ಬೆಳೆಯಿತು. ಅಂಕಗಳ ಮೇಲಿನ ನಂಬಿಕೆ ಕುಂದಿತು. ಕೊನೆಗೆ ಸಂಸ್ಥೆ ಯೋಜನೆಯನ್ನು ತಿದ್ದಿ, ಹಣದ ಆಕರ್ಷಣೆಯನ್ನು ತಗ್ಗಿಸಿ, ಉಪಯುಕ್ತತೆಗೆ ಒತ್ತು ಕೊಡಬೇಕಾಯಿತು.

ಈ ಎರಡು ಅನುಭವಗಳನ್ನು ಹೋಲಿಸಿದಾಗ, ಜ್ಞಾನದ ಮೌಲ್ಯವು ಅದರ ರಾಶಿಯನ್ನು ಅವಲಂಬಿಸಿಲ್ಲ ಎಂಬುದು ಮನವರಿಕೆಯಾಗುತ್ತದೆ. ಆಯ್ಕೆ, ಪರಿಶೀಲನೆ ಮತ್ತು ಹೆಸರಿನ ಹೊಣೆಗಾರಿಕೆ ಇಲ್ಲದೆಡೆ ಸಂಗ್ರಹವೇ ಅಡ್ಡಿಯಾಗುತ್ತದೆ. ಲೇಖನಗಳ ಸಂಖ್ಯೆಗೆ ಅಂಕ ನೀಡುವ ಪದ್ಧತಿಯನ್ನು ಕಂಡಿರುವ ವಿಶ್ವವಿದ್ಯಾಲಯದ ಓದುಗರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಮಾಹಿತಿ ವೃತ್ತಿಪರರ ಪಾತ್ರ

ಸಂಗ್ರಹಕ್ಕೂ ಬಳಕೆಗೂ ನಡುವೆ ನಿಲ್ಲುವ ವ್ಯಕ್ತಿಯ ಮಹತ್ವಕ್ಕೆ ಮೈಸೂರಿನಲ್ಲಿಯೇ ಉಜ್ವಲ ನಿದರ್ಶನವಿದೆ. 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಪ್ರತಿಯೊಂದನ್ನು ಒಪ್ಪಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿದವರು ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಮೂಲವನ್ನು ಪ್ರಕಟಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಗ್ರಂಥರೂಪದಲ್ಲಿ ಬಂದಿತು. ಓಲೆ ಭಂಡಾರಕ್ಕೆ ಬಂದದ್ದು ಸಂಗ್ರಹ. ಅದು ಏನೆಂದು ತಿಳಿದು ಲೋಕಕ್ಕೆ ತಿಳಿಸಿದ್ದು ಜ್ಞಾನಕಾರ್ಯ. ಆ ಸ್ಥಾನದಲ್ಲಿ ಲಿಪಿಯನ್ನೂ ಶಾಸ್ತ್ರವನ್ನೂ ಬಲ್ಲವರು ಇಲ್ಲದಿದ್ದರೆ ಕ್ರಮಸಂಖ್ಯೆಯೊಂದು ಹೆಚ್ಚುತ್ತಿತ್ತು, ಅಷ್ಟೆ.

ಈ ವೃತ್ತಿಗೆ ಶಾಸ್ತ್ರೀಯ ತಳಹದಿಯನ್ನು ಒದಗಿಸಿದವರು ಎಸ್. ಆರ್. ರಂಗನಾಥನ್. 1931ರಲ್ಲಿ ಅವರು ನಿರೂಪಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ಪುಸ್ತಕದ ರಕ್ಷಣೆಗಿಂತ ಬಳಕೆಯನ್ನು ಮುಂದಿಡುತ್ತವೆ. ಓದುಗನ ಸಮಯದ ಉಳಿತಾಯವನ್ನು ಒಂದು ಧರ್ಮವೆಂದೇ ಎಣಿಸುತ್ತವೆ. 1933ರ ಅವರ ದ್ವಿಬಿಂದು ವರ್ಗೀಕರಣ ಒಂದು ವಿಷಯವನ್ನು ಹಲವು ಮುಖಗಳಿಂದ ನೋಡುವ ಕ್ರಮವನ್ನು ಕಲಿಸಿತು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಆರಂಭಿಸಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈ ಚಿಂತನೆಯನ್ನು ಮುಂದುವರಿಸಿತು. ಜ್ಞಾನ ನಿರ್ವಹಣೆ ಹೊಸ ಹೆಸರಾದರೂ ಅದರ ಅನೇಕ ತತ್ವಗಳು ಇಲ್ಲಿ ಮೊದಲೇ ಇದ್ದವು.

ಈ ಹಿನ್ನೆಲೆಯಲ್ಲಿ ಮಾಹಿತಿ ವೃತ್ತಿಪರರ ಕರ್ತವ್ಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ಶೋಧನೆ: ಸಂಸ್ಥೆಯಲ್ಲಿ ಯಾರಿಗೆ ಏನು ಗೊತ್ತು, ಯಾವ ಅರಿವು ಒಬ್ಬರೇ ವ್ಯಕ್ತಿಯಲ್ಲಿ ಉಳಿದಿದೆ ಎಂಬುದನ್ನು ಪತ್ತೆಹಚ್ಚಿ ತಜ್ಞರ ಸೂಚಿಯನ್ನು ಸಿದ್ಧಪಡಿಸುವುದು.

2. ನಾಮನಿರ್ಣಯ: ಒಂದೇ ವಸ್ತುವಿನ ಹಲವು ಹೆಸರುಗಳನ್ನು ಒಂದೆಡೆ ಬೆಸೆಯುವುದು. ‘ಪಂಪಭಾರತ’ ಎಂದು ಹುಡುಕಿದವರಿಗೆ ‘ವಿಕ್ರಮಾರ್ಜುನ ವಿಜಯ’ವೂ, ‘ಗದುಗಿನ ಭಾರತ’ ಎಂದವರಿಗೆ ‘ಕರ್ಣಾಟ ಭಾರತ ಕಥಾಮಂಜರಿ’ಯೂ ದೊರೆಯಬೇಕು. ಕವಿಯನ್ನು ಕುಮಾರವ್ಯಾಸನೆಂದು ಒಂದು ಸೂಚಿ, ನಾರಣಪ್ಪನೆಂದು ಇನ್ನೊಂದು ಸೂಚಿ ದಾಖಲಿಸಿ ಎರಡನ್ನೂ ಜೋಡಿಸದಿದ್ದರೆ ಸಾಮಗ್ರಿ ಇದ್ದೂ ಇಲ್ಲದಂತೆಯೇ.

3. ಸಂದರ್ಭದ ರಕ್ಷಣೆ: ದಾಖಲೆಯ ಜೊತೆಗೆ ಅದು ಹುಟ್ಟಿದ ಸನ್ನಿವೇಶವನ್ನೂ ಉಳಿಸುವುದು. ಜಾನಪದ ಗೀತೆಯ ಧ್ವನಿಸುರುಳಿಯ ಮೇಲೆ ಹಾಡಿದವರ ಹೆಸರು ಮಾತ್ರ ಇದ್ದು, ಊರು, ಹಾಡಿದ ಸಂದರ್ಭ, ಸಂಗ್ರಹಿಸಿದ ವರ್ಷ ಇಲ್ಲವಾದರೆ ಮುಂದಿನ ಸಂಶೋಧಕರಿಗೆ ಉಳಿಯುವುದು ಧ್ವನಿ ಮಾತ್ರ.

4. ಆಯ್ಕೆ: ಹಳತಾದುದನ್ನು, ಪುನರುಕ್ತವಾದುದನ್ನು ವಿಷಯತಜ್ಞರೊಡನೆ ಸಮಾಲೋಚಿಸಿ ಬೇರ್ಪಡಿಸುವುದು.

ಕನ್ನಡ ಸಂಶೋಧನಾ ಸಂಸ್ಥೆಗಳ ಮುಂದಿರುವ ಸವಾಲು

ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನಿಘಂಟು’ 8 ಸಂಪುಟಗಳಲ್ಲಿ 1995ರಲ್ಲಿ ಪೂರ್ಣಗೊಂಡಿತು. ಇಂತಹ ಬೃಹತ್ ಕಾರ್ಯದ ಫಲಿತವು ಮುದ್ರಿತ ಪುಟಗಳಲ್ಲಿ ನಮಗೆ ಲಭ್ಯ. ಆದರೆ ಯಾವುದೇ ನಿಘಂಟಿನಲ್ಲಿ ಒಂದು ಅರ್ಥವನ್ನು ಏಕೆ ಕೈಬಿಡಲಾಯಿತು, ಎರಡು ವ್ಯುತ್ಪತ್ತಿಗಳಲ್ಲಿ ಒಂದನ್ನು ಯಾವ ಚರ್ಚೆಯ ನಂತರ ಒಪ್ಪಲಾಯಿತು ಎಂಬುದು ಮುದ್ರಣಕ್ಕೆ ಬರುವುದಿಲ್ಲ. ಅದು ಪದಚೀಟಿಗಳ ಅಂಚಿನ ಟಿಪ್ಪಣಿಗಳಲ್ಲಿ, ಸಂಪಾದಕರ ನೆನಪಿನಲ್ಲಿ ಇರುತ್ತದೆ. ಪರಿಷ್ಕರಣೆಗೆ ತೊಡಗುವ ಮುಂದಿನ ಪೀಳಿಗೆಗೆ ಅಗತ್ಯವಾದದ್ದು ಅದೇ.

ಗಣಕೀಕರಣದಿಂದ ಈ ಸಮಸ್ಯೆ ತಾನಾಗಿ ಬಗೆಹರಿಯುವುದಿಲ್ಲ. 1990ರ ದಶಕ ಮತ್ತು ನಂತರದ ಕೆಲವು ವರ್ಷಗಳಲ್ಲಿ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚಾದ ಕಡತಗಳು ಆಯಾ ಅಕ್ಷರಶೈಲಿಯನ್ನೇ ಅವಲಂಬಿಸಿವೆ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸದ ಹೊರತು ಒಳಗಿನ ಒಂದು ಪದವನ್ನೂ ಹುಡುಕಲಾಗದು. ಪಿಎಚ್.ಡಿ. ಪ್ರಬಂಧಗಳ ರಾಷ್ಟ್ರೀಯ ಭಂಡಾರವಾದ ಶೋಧಗಂಗಾ ಮಹತ್ವದ ಸೌಲಭ್ಯವೇ ಸರಿ. ಆದರೆ ಪ್ರಬಂಧವು ಪುಟಗಳ ಛಾಯಾಚಿತ್ರವಾಗಿ ಮಾತ್ರ ಸೇರಿದ್ದಲ್ಲಿ, ಶೀರ್ಷಿಕೆಯ ರೋಮನ್ ಲಿಪ್ಯಂತರ ಏಕರೂಪವಾಗಿಲ್ಲದಲ್ಲಿ, ಅದೇ ವಿಷಯವನ್ನು ಆಯ್ದುಕೊಂಡ ಮತ್ತೊಬ್ಬ ಸಂಶೋಧಕರಿಗೆ ಅದು ಕಣ್ಣಿಗೆ ಬೀಳದೆ ಹೋಗಬಹುದು. ಇಂದಿನ ಕೃತಕ ಬುದ್ಧಿಮತ್ತೆಯ ಸಾಧನಗಳೂ ವಿವರಣೆಯಿಲ್ಲದ ಸಾಮಗ್ರಿಗೆ ಸಂದರ್ಭವನ್ನು ಒದಗಿಸಲಾರವು.

ಆದ್ದರಿಂದ ಕನ್ನಡ ವಿಭಾಗಗಳು ತಮ್ಮ ಮಿತಿಯಲ್ಲಿಯೇ ಕೈಗೊಳ್ಳಬಹುದಾದ ಕೆಲವು ಕಾರ್ಯಗಳಿವೆ. ನಿವೃತ್ತಿಗೆ ಒಂದು ವರ್ಷ ಮುಂಚಿತವಾಗಿ ಹಸ್ತಪ್ರತಿ ತಜ್ಞರ, ಕ್ಷೇತ್ರಕಾರ್ಯ ಅನುಭವಿಗಳ ವಾಚನವಿಧಾನವನ್ನು ಧ್ವನಿ ಮತ್ತು ದೃಶ್ಯ ರೂಪದಲ್ಲಿ ದಾಖಲಿಸಬಹುದು. ಅದೇ ಅವಧಿಯಲ್ಲಿ ಕಿರಿಯರೊಬ್ಬರನ್ನು ಅವರೊಡನೆ ಕೂರಿಸಬೇಕು. ಸಂಶೋಧನಾ ವಿದ್ಯಾರ್ಥಿಗಳ ಟಿಪ್ಪಣಿ, ಸಂದರ್ಶನ, ಧ್ವನಿಮುದ್ರಣಗಳನ್ನು ಪ್ರಬಂಧದೊಡನೆ ವಿಭಾಗವು ಸ್ವೀಕರಿಸಿ ಸೂಚೀಕರಿಸಬೇಕು. ಗ್ರಂಥಪಾಲಕರನ್ನು ಪುಸ್ತಕ ವಿತರಣೆಗೆ ಸೀಮಿತಗೊಳಿಸದೆ ಸಂಶೋಧನಾ ಯೋಜನೆಯ ಆರಂಭದಿಂದಲೇ ಸಹಭಾಗಿಗಳನ್ನಾಗಿ ಮಾಡಿಕೊಳ್ಳಬೇಕು. ಗ್ರಂಥಾಲಯ ವಿಜ್ಞಾನದ ಪಠ್ಯದಲ್ಲಿ ಹಳಗನ್ನಡ ಮತ್ತು ಲಿಪಿಶಾಸ್ತ್ರದ ಪರಿಚಯಕ್ಕೂ, ಕನ್ನಡ ಎಂ.ಎ. ಪಠ್ಯದಲ್ಲಿ ಸೂಚೀಕರಣದ ಪರಿಚಯಕ್ಕೂ ಅವಕಾಶವಿರಬೇಕು.

ಉಪಸಂಹಾರ

ಒಟ್ಟಿನಲ್ಲಿ, ಜ್ಞಾನವನ್ನು ಪೂರ್ಣವಾಗಿ ಕಾಗದಕ್ಕಾಗಲೀ ಗಣಕಕ್ಕಾಗಲೀ ಇಳಿಸಲಾಗದು ಎಂಬ ಪೊಲಾನಿಯವರ ಮಿತಿನಿರೂಪಣೆಯನ್ನು ಒಪ್ಪಿಕೊಂಡೇ ಜ್ಞಾನ ನಿರ್ವಹಣೆ ಮುಂದುವರಿಯಬೇಕು. ಇಳಿಸಬಹುದಾದುದನ್ನು ಸರಿಯಾದ ಹೆಸರಿನಡಿ, ಸರಿಯಾದ ಸಂದರ್ಭದೊಡನೆ ಇಳಿಸುವುದು, ಇಳಿಸಲಾಗದುದಕ್ಕೆ ಗುರುಶಿಷ್ಯರ ಒಡನಾಟವನ್ನು ಏರ್ಪಡಿಸುವುದು ಇದರ ಎರಡು ಮುಖಗಳು. ಹಸ್ತಪ್ರತಿಗಳು ಕಪಾಟಿನಲ್ಲಿ ಸುರಕ್ಷಿತವಾಗಿದ್ದು ಅವುಗಳನ್ನು ಓದಬಲ್ಲವರು ಇಲ್ಲವಾಗುವ ಸ್ಥಿತಿ ಒದಗಿದರೆ ಅದು ಸಂರಕ್ಷಣೆಯ ಗೆಲುವೆನಿಸಲಾರದು. ಆ ಸ್ಥಿತಿಯನ್ನು ತಪ್ಪಿಸುವ ಹೊಣೆ ಮಾಹಿತಿ ವೃತ್ತಿಪರರದು ಮಾತ್ರವಲ್ಲ, ಅವರನ್ನು ವಿದ್ವತ್ಕಾರ್ಯದ ಸಮಾನ ಪಾಲುದಾರರೆಂದು ಕಾಣಬೇಕಾದ ಅಧ್ಯಾಪಕ ವರ್ಗದ್ದೂ ಆಗಿದೆ.