ಮನ್ಯಾಸ್ತಂಭವೂ ಕತ್ತಿನ ತಿರುಚುವಿಕೆಯೂ

ಕತ್ತು ರೋಗಿಯ ಇಚ್ಛೆಯಿಲ್ಲದೆಯೇ ಒಂದು ಪಾರ್ಶ್ವಕ್ಕೆ ತಿರುಗುವುದು, ಪ್ರಯತ್ನಪೂರ್ವಕವಾಗಿ ನೆಟ್ಟಗೆ ಮಾಡಿದರೂ ಮರಳಿ ವಕ್ರವಾಗುವುದು, ಕೆಲವರಲ್ಲಿ ತಲೆಯು ಅಲ್ಲಾಡುತ್ತಲೂ ಇರುವುದು, ಇಂತಹ ವ್ಯಾಧಿಯನ್ನು ಪಾಶ್ಚಾತ್ಯ ವೈದ್ಯರು ‘ಸರ್ವೈಕಲ್ ಡಿಸ್ಟೋನಿಯಾ’ ಎಂದು ಕರೆಯುವರು. ಆಯುರ್ವೇದದಲ್ಲಿ ಇದಕ್ಕೆ ಹೆಸರೇನೆಂದು ಕೇಳಿದರೆ ನಮ್ಮವರಲ್ಲಿ ಅನೇಕರು ಕೂಡಲೇ ‘ಮನ್ಯಾಸ್ತಂಭ’ವೆಂದು ಉತ್ತರಕೊಡುವರು. ಈ ಉತ್ತರವು ಶಾಸ್ತ್ರಸಮ್ಮತವೇ ಎಂಬುದನ್ನು ವಿಚಾರಿಸತಕ್ಕದ್ದು. ಹೆಸರು ತಪ್ಪಿದಲ್ಲಿ ಚಿಕಿತ್ಸೆಯೂ ತಪ್ಪುವುದಷ್ಟೆ.

ಸುಶ್ರುತನು ನಿದಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಮನ್ಯಾಸ್ತಂಭಕ್ಕೆ ಹಗಲುನಿದ್ರೆ, ಕುಳಿತುಕೊಳ್ಳುವ ಮತ್ತು ನಿಲ್ಲುವ ಬಗೆಯಲ್ಲಿನ ವೈಷಮ್ಯ, ಮೇಲ್ಮುಖವಾಗಿ ನೋಡುವುದು ಮೊದಲಾದ ಕಾರಣಗಳನ್ನು ಹೇಳಿ, ಇಲ್ಲಿ ವಾಯುವು ಶ್ಲೇಷ್ಮದಿಂದ ಆವೃತವಾಗಿರುವುದೆಂದು ಸ್ಪಷ್ಟಪಡಿಸಿರುವನು. ಆದುದರಿಂದಲೇ ಚಿಕಿತ್ಸಾಸ್ಥಾನದಲ್ಲಿ ವಾತಶ್ಲೇಷ್ಮಹರವಾದ ನಸ್ಯವನ್ನೂ ರೂಕ್ಷಸ್ವೇದವನ್ನೂ ವಿಶೇಷವಾಗಿ ವಿಧಿಸಿದನು. ಮರಳನ್ನು ಹುರಿದು ಗಂಟುಕಟ್ಟಿ, ಎಣ್ಣೆಯ ಸಂಪರ್ಕವಿಲ್ಲದೆ ಕಾವು ಕೊಡುವುದು ರೂಕ್ಷಸ್ವೇದವು. ದಿಂಬು ಸರಿಯಿಲ್ಲದೆ ಮಲಗಿ ಎದ್ದವನ ಕತ್ತು ಹಿಡಿದುಕೊಂಡಾಗ ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ.

ಆದರೆ ಸ್ತಂಭವೆಂದರೆ ಚಲನೆಯು ನಿಂತುಹೋಗುವುದು. ಪ್ರಕೃತ ವ್ಯಾಧಿಯಲ್ಲಿಯಾದರೋ ಬೇಡದ ಚಲನೆಯೇ ಪ್ರಧಾನವು. ಇದರ ಲಕ್ಷಣಗಳು ಗ್ರಂಥಗಳಲ್ಲಿ ಚದುರಿಕೊಂಡಿವೆ. ಅರ್ದಿತದಲ್ಲಿ ಮುಖಾರ್ಧದೊಂದಿಗೆ ಕತ್ತೂ ತಿರುಗುವುದೆಂದು ಸುಶ್ರುತನೇ ಹೇಳಿರುವನು. ತಲೆಯೂ ಕತ್ತೂ ಸೇರುವೆಡೆಯಲ್ಲಿರುವ ಕೃಕಾಟಿಕಾ ಎಂಬ ಮರ್ಮಕ್ಕೆ ಪೆಟ್ಟುಬಿದ್ದರೆ ತಲೆಯು ಅಲುಗಾಡುವುದೆಂಬುದೂ ಅವನ ಮಾತೇ. ಮಾಧವನು ಶಿರಃಕಂಪವನ್ನು ವೇಪಥುವಿನಲ್ಲಿ ಸೇರಿಸಿದನು. ಒಂದೇ ಹೆಸರಿನಲ್ಲಿ ಎಲ್ಲವನ್ನೂ ಅಡಕಮಾಡಬೇಕೆಂಬ ಹಟವೇಕೆ? ವ್ಯಾಧಿಗೆ ಹೆಸರಿಡಲಾರದ ವೈದ್ಯನು ನಾಚಬೇಕಾಗಿಲ್ಲವೆಂದು ಚರಕನೇ ಅಭಯವನ್ನಿತ್ತಿರುವನು. ದೋಷವನ್ನು ತಿಳಿದರೆ ಸಾಕು.

ಇಲ್ಲಿಯೇ ಅಪಾಯವಿದೆ. ಗೌರವ, ಜಾಡ್ಯ ಮೊದಲಾದ ಶ್ಲೇಷ್ಮಲಕ್ಷಣಗಳಿಲ್ಲದೆ ಕೃಶನಾಗಿ ಕಂಪಿಸುವ ರೋಗಿಗೆ ಮನ್ಯಾಸ್ತಂಭವೆಂಬ ಹೆಸರಿನ ಬಲದಿಂದ ರೂಕ್ಷಸ್ವೇದವನ್ನು ಮಾಡಿದರೆ ವಾಯುವು ಇನ್ನಷ್ಟು ಪ್ರಕುಪಿತವಾಗುವುದು. ಅವನಿಗೆ ಅಭ್ಯಂಗ, ಸ್ನಿಗ್ಧಸ್ವೇದ, ಬಸ್ತಿ, ಬೃಂಹಣನಸ್ಯಗಳೇ ಯುಕ್ತವು.

ಚಕ್ರದತ್ತನು ಹೇಳಿರುವ ಮಾಷಬಲಾದಿ ಕ್ವಾಥವು ಗಮನಾರ್ಹವಾದುದು. ಉದ್ದು, ಬಲಾ, ನಸುಗುನ್ನಿ, ರಾಸ್ನಾ, ಅಶ್ವಗಂಧ, ಹರಳು ಮೊದಲಾದುವುಗಳ ಕಷಾಯಕ್ಕೆ ಇಂಗು ಸೈಂಧವಗಳನ್ನು ಸೇರಿಸಿ, ಉಗುರುಬೆಚ್ಚಗೆ ಮೂಗಿನ ಮೂಲಕ ಕುಡಿಸಬೇಕೆಂದು ವಿಧಿ. ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಎಂಬ ದ್ರವ್ಯವಿರುವುದು ಈಗ ಸಿದ್ಧವಾಗಿದೆ. ಬಾಲ್ಯದಲ್ಲಿ ತೋರುವ ಒಂದು ಬಗೆಯ ಡಿಸ್ಟೋನಿಯಾ ಅದೇ ದ್ರವ್ಯಕ್ಕೆ ಚೆನ್ನಾಗಿ ಮಣಿಯುವುದು. ಆದರೆ ಪ್ರೌಢವಯಸ್ಸಿನ ಈ ಕತ್ತಿನ ವ್ಯಾಧಿಯು ಸಾಮಾನ್ಯವಾಗಿ ಮಣಿಯದು. ಏಳು ದಿನಗಳಲ್ಲಿ ಗುಣವೆಂಬ ಆ ಶ್ಲೋಕದ ಆಶ್ವಾಸನೆಯನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವನಾದರೂ ನಾನು ರೋಗಿಗೆ ಹೇಳಲಾರೆನು. ಕೆಲವರಲ್ಲಿ ಮೊದಲ ಕೆಲವು ವರ್ಷಗಳೊಳಗೆ ರೋಗವು ತಾನಾಗಿಯೇ ಶಮನವಾಗಿ, ಬಹುಮಟ್ಟಿಗೆ ಮತ್ತೆ ಮರುಕಳಿಸುವುದುಂಟು. ಆಗ ಕೀರ್ತಿಯು ಯಾವ ಔಷಧಿಯು ಕೈಯಲ್ಲಿತ್ತೋ ಅದಕ್ಕೆ ಸಲ್ಲುವುದು!

ವ್ಯಾಧಿಯ ಮೂಲವು ಕತ್ತಿನ ಮಾಂಸಖಂಡಗಳಲ್ಲಿಲ್ಲ, ಅವುಗಳನ್ನು ಆಳುವ ಮಿದುಳಿನಲ್ಲಿದೆ. ಗಲ್ಲವನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿದ ಮಾತ್ರಕ್ಕೆ ಅನೇಕರ ಕತ್ತು ಕೊಂಚಹೊತ್ತು ನೆಟ್ಟಗಾಗುವುದೂ, ನಿದ್ರೆಯಲ್ಲಿ ತಿರುಚುವಿಕೆಯು ಬಹುಮಟ್ಟಿಗೆ ಅಡಗುವುದೂ ಇದಕ್ಕೆ ಹೊಂದುವ ಸಂಗತಿಗಳು. ಹೆಚ್ಚಾಗಿ ಬಿಗಿಯುವ ಮಾಂಸಖಂಡಗಳಿಗೆ ಬಾಟ್ಯುಲಿನಮ್ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚುವ ಚಿಕಿತ್ಸೆಗೆ 2000ದಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರ ಗುಣವು ಸುಮಾರು ಮೂರು ತಿಂಗಳು ನಿಲ್ಲುವುದು. ಇದನ್ನು ಪಡೆಯುತ್ತಿರುವ ರೋಗಿಯನ್ನು ತೈಲದ ಹೆಸರಿನಲ್ಲಿ ಬಿಡಿಸುವುದು ನನಗೆ ಸಮ್ಮತವಲ್ಲ. ಅಭ್ಯಂಗಸ್ವೇದಗಳು ನೋವನ್ನು ಇಳಿಸಲು ಸಹಾಯಕವಾಗಬಹುದು, ಅಷ್ಟೆ.

ಕತ್ತನ್ನು ಬಲಾತ್ಕಾರದಿಂದ ತಿರುವಿ ಸರಿಮಾಡುವುದು ಸರ್ವಥಾ ನಿಷಿದ್ಧ; ನೀಲಾ ಮನ್ಯಾ ಮರ್ಮಗಳೂ ಕೃಕಾಟಿಕಗಳೂ ಅಲ್ಲಿಯೇ ಇವೆ. ಹಠಾತ್ತನೆ ಕತ್ತು ತಿರುಚಿದಲ್ಲಿ, ವಾಂತಿಗಾಗಿಯೋ ಚಿತ್ತವಿಕಾರಕ್ಕಾಗಿಯೋ ಹೊಸದಾಗಿ ಔಷಧಿ ಸೇವಿಸಿರುವನೇ ಎಂದು ಮೊದಲು ಕೇಳತಕ್ಕದ್ದು. ಅಂತಹ ಕೆಲವು ಮಾತ್ರೆಗಳಿಂದಲೂ ಇದು ತೋರುವುದುಂಟು. ಮಗುವಿಗೆ ಜ್ವರದೊಂದಿಗೆ ಕತ್ತು ವಾಲಿದ್ದರೆ ಗಂಟಲಿನ ಹಿಂದೆ ಕೀವು ಕಟ್ಟಿರಬಹುದು. ಆಗ ತೈಲವನ್ನು ಕಾಯಿಸುತ್ತ ಕುಳಿತುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಕಳುಹಿಸತಕ್ಕದ್ದು.