ಕ್ಯಾಲೆಂಡರ್ ಸರಿಸಿದರೆ ಇನ್ನೊಂದು ಮುಲುಂಡ್!

ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಿ ಟಾರ್ಚ್ ಬಿಟ್ಟರೆ ಒಳಗೆ ಏನು ಕಾಣಬೇಕು ಹೇಳಿ? ವಯರು, ಜೇಡರ ಬಲೆ, ಹೆಚ್ಚೆಂದರೆ ಸತ್ತ ಹಲ್ಲಿ. ಮುಂಬಯಿಯ ಮುಲುಂಡ್ ಪೂರ್ವದ ಒಂದು ಮನೆಯಲ್ಲಿ ಕಂಡದ್ದು ಒಂದು ಪರಾತ! ಹೌದು, ಚಪಾತಿ ಹಿಟ್ಟು ಕಲಸುವ ಸ್ಟೀಲ್ ಪರಾತ. ಅಂಚಿಗೆ ನಾಲ್ಕು ತಂತಿ ಬಿಗಿದು ಸ್ಲ್ಯಾಬಿನಿಂದ ತೂಗುಬಿಟ್ಟಿದ್ದಾರೆ. ತಳದಲ್ಲೊಂದು ತೂತು. ತೂತಿಗೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ನಳಿಗೆ, ಅದರ ಸುತ್ತ ಎಂ-ಸೀಲ್. ನಳಿಗೆ ಹಾಲ್ ದಾಟಿ, ಪ್ಯಾಸೇಜಿನ ಟ್ಯೂಬ್‌ಲೈಟಿನ ಮೇಲಿಂದ ಹಾದು, ಸ್ವಲ್ಪ ಸ್ವಲ್ಪವೇ ಇಳಿಜಾರಾಗಿ ಬಾತ್‌ರೂಮಿನ ನಹಾಣಿ ಟ್ರ್ಯಾಪಿಗೆ, ಅಂದರೆ ನೀರು ಹೋಗುವ ತೂತಿಗೆ, ಸೇರುತ್ತದೆ. ಮೇಲಿನ ಮನೆಯ ಸೋರಿಕೆ ಹನಿಹನಿಯಾಗಿ ಪರಾತಕ್ಕೆ ಬಿದ್ದು ಹರಿದುಹೋಗುತ್ತಿದೆ. ಕೆಳಗೆ ಸೋಫಾದಲ್ಲಿ ಕೂತು ಧಾರಾವಾಹಿ ನೋಡುವವರಿಗೆ ಸುಳಿವೇ ಇಲ್ಲ!

"ಎಂತ ಮಾಡುವುದು ಮಾರಾಯ್ರೇ, ಮೇಲಿನವರು ಬಾಗಿಲೇ ತೆಗೆಯುವುದಿಲ್ಲ" ಎಂದರು ಮನೆಯ ಅಮ್ಮ. ತಪಾಸಣೆಗೆ ಬಂದ ಇಂಜಿನಿಯರು ಮಾತಿಲ್ಲದೆ ಮೊದಲು ಫೋಟೋ ತೆಗೆದರು.

ಮುಲುಂಡಿನ ಹಳೆಯ ಕಟ್ಟಡಗಳಲ್ಲಿ ಇಂಥ ಗುಪ್ತ ಲೋಕವೊಂದು ಅಡಗಿದೆ. 1922ರಲ್ಲಿ ಕ್ರೌನ್ ಆ್ಯಂಡ್ ಕಾರ್ಟರ್ ಎಂಬ ವಾಸ್ತುಶಿಲ್ಪಿಗಳು ನಕ್ಷೆ ಬರೆದು, ನೇರ ರಸ್ತೆಗಳನ್ನು ಎಳೆದ ಉಪನಗರ ಇದು. ಆ ಅಚ್ಚುಕಟ್ಟಿನ ರಸ್ತೆಗಳ ಎರಡೂ ಬದಿಗೆ ಮೊದಲು ಮಂಗಳೂರು ಹಂಚಿನ ಮನೆಗಳು, ಚಾಳುಗಳು. ಆಮೇಲೆ ಮೂರು-ನಾಲ್ಕು ಮಹಡಿಯ ಹೌಸಿಂಗ್ ಸೊಸೈಟಿಗಳು. ಪಶ್ಚಿಮಕ್ಕೆ ರಾಷ್ಟ್ರೀಯ ಉದ್ಯಾನದ ಗುಡ್ಡ, ಪೂರ್ವಕ್ಕೆ ಠಾಣೆ ಖಾಡಿ ಮತ್ತು ಉಪ್ಪಿನ ಗದ್ದೆ. ಮೇಲಿಂದ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ. ಕಬ್ಬಿಣಕ್ಕೂ ಕಾಂಕ್ರೀಟಿಗೂ ಇದಕ್ಕಿಂತ ಕಠಿಣ ಪರೀಕ್ಷೆ ಬೇಕೆ?

ಈ ಲೋಕ ಬೆಳಕಿಗೆ ಬರುವುದಕ್ಕೆ ಕಾರಣ ಒಂದು ಕಾನೂನು. ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ 353-ಬಿ ಕಲಮಿನಂತೆ 30 ವರ್ಷ ದಾಟಿದ ಕಟ್ಟಡ ತಾನು ಗಟ್ಟಿ ಇದ್ದೇನೆ ಎಂಬುದಕ್ಕೆ ಪ್ರಮಾಣಪತ್ರ ಕೊಡಲೇಬೇಕು. ಅದಕ್ಕಾಗಿ ಸ್ಟ್ರಕ್ಚರಲ್ ಆಡಿಟ್. ಸುತ್ತಿಗೆ, ಟಾರ್ಚ್, ಕ್ಯಾಮೆರಾ ಹಿಡಿದ ಇಂಜಿನಿಯರು ಮನೆಮನೆಗೆ ಬರುತ್ತಾರೆ. ಮಂಚ ಎಳೆಯಿರಿ, ಅಟ್ಟ ಖಾಲಿ ಮಾಡಿ, ದೇವರ ಫೋಟೋ ಸ್ವಲ್ಪ ಇಳಿಸಿ ಎನ್ನುತ್ತಾರೆ. ಆಗ ಶುರುವಾಗುತ್ತದೆ ನಿಜವಾದ ಮೆರವಣಿಗೆ!

ಗೋಡೆ ಕ್ಯಾಲೆಂಡರಿನ ಹಿಂದೆ ನೋಡಿ: ತೇವದ ಕಲೆ. ತಿಂಗಳು ಬದಲಾದರೂ ಕ್ಯಾಲೆಂಡರಿನ ಜಾಗ ಏಕೆ ಬದಲಾಗಲಿಲ್ಲ ಎಂಬುದು ಈಗ ಗೊತ್ತಾಯಿತು! ಕಿಚನ್ ಸಿಂಕಿನ ಕೆಳಗೆ ಬಗ್ಗಿ: ಪೈಪಿಗೆ ಸೈಕಲ್ ಟ್ಯೂಬು, ಅದರ ಮೇಲೆ ಸುತಳಿ, ಅದರ ಮೇಲೆ ಬಣ್ಣದ ಮೂರು ಪದರ. ಹಳೆಯ ಜಿಐ ಪೈಪಿನ ಜೋಡಣೆಯಲ್ಲಿ ನಾರು ಮತ್ತು ಸಫೇದಾ; ಟೆಫ್ಲಾನ್ ಟೇಪ್ ಬರುವ ಮುಂಚಿನ ಪ್ಲಂಬರರ ಕೈಗುಣ, ಇನ್ನೂ ಒಂದು ತೊಟ್ಟು ಬಿಟ್ಟಿಲ್ಲ. ಮೆಟ್ಟಿಲ ಕೆಳಗಿನ ಮೀಟರ್ ಬಾಕ್ಸ್ ತೆರೆಯಿರಿ: ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿನಲ್ಲಿ ಕೂದಲೆಳೆಯ ತಂತಿ ಇರಬೇಕಾದ ಕಡೆ ದಪ್ಪ ತಾಮ್ರದ ತಂತಿ! ಫ್ಯೂಸ್ ಪದೇಪದೇ ಹೋಗುತ್ತಿತ್ತಂತೆ; ಈಗ ಹೋಗುವುದೇ ಇಲ್ಲವಂತೆ. ಹೋಗುವುದೇ ಅದರ ಕೆಲಸವಾಗಿತ್ತಲ್ಲ!

ಟೆರೇಸಿಗೆ ಹತ್ತಿ. ಅಲ್ಲಿ ಒಂದರ ಮೇಲೊಂದು ಕೋಬಾ. ಇಟ್ಟಿಗೆ ಚೂರು ಹಾಸಿ ಗಾರೆ ತುಂಬುವ ಈ ಪದರ ಸೋರಿಕೆ ತಡೆಯಲು ಮುಂಬಯಿಯ ಹಳೇ ಮದ್ದು. ಸೋರಿತು, ಒಂದು ಕೋಬಾ ಹಾಕಿದರು. ಮತ್ತೆ ಸೋರಿತು, ಹಳೆಯದನ್ನು ಕೀಳದೆ ಇನ್ನೊಂದು. ಮೂರನೆಯದಕ್ಕೆ ಬರುವ ಹೊತ್ತಿಗೆ ಟೆರೇಸಿನ ಬಾಗಿಲ ಹೊಸ್ತಿಲೇ ಮುಳುಗಿದೆ! ಸ್ಲ್ಯಾಬಿನ ತಲೆಯ ಮೇಲೆ ಟನ್‌ಗಟ್ಟಲೆ ಭಾರ ಕೂತಿದೆ. ಅದೂ ಸಾಲದೆಂದು ಮೇಲೊಂದು ತಗಡಿನ ಶೆಡ್, ಶೆಡ್ಡಿನ ಸಂದಿಗೆ ನೀಲಿ ತಾಡಪತ್ರಿ, ತಾಡಪತ್ರಿ ಹಾರದಂತೆ ಇಟ್ಟಿಗೆ.

ಹಿಂಬದಿಯ ಡ್ರೈನೇಜ್ ಪೈಪಿನ ಹತ್ತಿರ ಅಶ್ವತ್ಥದ ಸಸಿ. ಕಡಿಯಲು ಯಾರಿಗೂ ಧೈರ್ಯವಿಲ್ಲ, ಪಾಪ ಸುತ್ತಿಕೊಂಡೀತೆಂದು. ಬುಡ ಕೊರೆದು ಇಂಗು ತುಂಬಿ, ಮೇಲೆ ಸಿಮೆಂಟು ಮೆತ್ತಿದ್ದಾರೆ. ಸಾರಿಗೆ ಹಾಕುವ ಇಂಗು ಗೋಡೆಯ ವೈದ್ಯಕ್ಕೂ! ಅಶ್ವತ್ಥ ನಕ್ಕಿರಬೇಕು, ಎರಡು ಮಹಡಿ ಕೆಳಗೆ, ಬಾತ್‌ರೂಮಿನ ಕಿಟಕಿಯ ಮೂಲೆಯಲ್ಲಿ ಕೆಂಪು ಚಿಗುರು ಹಾಯಾಗಿ ತಲೆಯೆತ್ತಿದೆ.

ಆದರೆ ಇಂಥ ಜುಗಾಡೆಲ್ಲ ದಡ್ಡತನವೆಂದು ತಿಳಿಯಬೇಡಿ. ಒಂದು ಗೋಡೆಯ ಬಿರುಕಿನ ಮೇಲೆ ಅಡ್ಡಲಾಗಿ ಅಂಟಿಸಿದ ಕಿರುಬೆರಳಗಲದ ಗಾಜಿನ ಪಟ್ಟಿಯೊಂದು ಕಂಡಿತು. ಎರಡೂ ತುದಿಗೆ ಗಾರೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ತಾರೀಕು. ಯಾರೋ ಅಜ್ಜ ತನ್ನ ಕಾಲದಲ್ಲಿ ಮಾಡಿದ್ದು. ಇದು ಹಳೆಯ ಇಂಜಿನಿಯರುಗಳ ಅಸಲೀ ವಿದ್ಯೆ! ಗೋಡೆ ಸರಿಯುತ್ತಿದ್ದರೆ ಗಾಜು ಎಳೆತ ತಾಳದೆ ಒಡೆಯುತ್ತದೆ. ಬಿರುಕು ನಿಂತುಹೋಗಿದ್ದರೆ ಗಾಜು ಇಡಿಯಾಗಿ ಉಳಿಯುತ್ತದೆ. ಇಲ್ಲಿ ಗಾಜು ಇಡಿಯಾಗಿತ್ತು. ಒಂದು ಚೂರು ಗಾಜಿನಿಂದ ಇಡೀ ಗೋಡೆಯ ಜಾತಕ!

ಬೆರಗು ಇಷ್ಟಕ್ಕೇ ಮುಗಿಯಲಿಲ್ಲ. ಇಂಜಿನಿಯರು ಪಿಲ್ಲರಿನ ಮೇಲೆ ಸುತ್ತಿಗೆಯಿಂದ ತಟ್ಟುತ್ತಾರೆ, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಪೊಳ್ಳು. ನಂತರ ಕಾಂಕ್ರೀಟಿನೊಳಗೆ ಶಬ್ದದ ಅಲೆ ಬಿಡುತ್ತಾರೆ: ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರಿನಷ್ಟು ಓಡುವ ಶಬ್ದ ಒಳ್ಳೆಯ ಕಾಂಕ್ರೀಟಿನಲ್ಲಿ 4 ಕಿಲೋಮೀಟರಿನ ಆಸುಪಾಸು ಓಡುತ್ತದೆ! ಓಟ ನಿಧಾನವಾದರೆ ನಡುವೆ ಬಿರುಕೋ ಟೊಳ್ಳೋ ಇದೆ ಎಂದರ್ಥ. ಕೊನೆಗೆ ಪಿಲ್ಲರಿನ ಚಕ್ಕೆಯೆಬ್ಬಿಸಿ ಫಿನಾಲ್ಫ್ತಲೀನ್ ಸಿಂಪಡಿಸುತ್ತಾರೆ. ಪಿಯುಸಿ ಲ್ಯಾಬಿನಲ್ಲಿ ನಾವು ಟೈಟ್ರೇಶನ್ ಮಾಡಿದ ಅದೇ ದ್ರಾವಣ. ಒಳಭಾಗ ಕಣ್ಣೆದುರೇ ರಾಣಿ ಗುಲಾಬಿಗೆ ತಿರುಗಿತು, ಹೊರಗಿನ ಎರಡು ಬೆರಳು ದಪ್ಪ ಬಣ್ಣವೇ ಏರದೆ ಬೂದಾಗಿಯೇ ಉಳಿಯಿತು. ಅಷ್ಟು ಆಳಕ್ಕೆ ಗಾಳಿಯ ಇಂಗಾಲದ ಡೈಆಕ್ಸೈಡ್ ಇಳಿದು ಕಾಂಕ್ರೀಟಿನ ಕ್ಷಾರ ತಿಂದಿದೆ. ಕ್ಷಾರವಿರುವವರೆಗೆ ಒಳಗಿನ ಸರಳಿಗೆ ರಕ್ಷೆ. ಅದು ಹೋದರೆ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಉಬ್ಬಿ, ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ.

ಈಗ ತಿಳಿಯಿತೇ ಪರಾತದ ಅಪಾಯ? ಅದು ಹನಿಯನ್ನು ಹಿಡಿಯಿತು, ಸರಳಿನ ತುಕ್ಕನ್ನಲ್ಲ. ಪರಾತ ಮತ್ತು ಫಾಲ್ಸ್ ಸೀಲಿಂಗ್ ಸೇರಿ, ಸ್ಲ್ಯಾಬ್ ಕೊಡುತ್ತಿದ್ದ ಎಚ್ಚರಿಕೆಯನ್ನೇ ಕಣ್ಣಿಗೆ ಬೀಳದಂತೆ ಮಾಡಿದವು. 2022ರ ಆಗಸ್ಟ್ 15ರಂದು ಮುಲುಂಡ್ ಪೂರ್ವದ ನಾಣೇಪಾಡಾದ ಹಳೆಯ ಕಟ್ಟಡವೊಂದರಲ್ಲಿ ಚಾವಣಿ ಕುಸಿದು ವೃದ್ಧ ದಂಪತಿ ಮನೆಯೊಳಗೇ ತೀರಿಕೊಂಡರು. ಅದಕ್ಕೂ ಮುಂಚೆ, 2017ರ ಜುಲೈ 25ರಂದು ಘಾಟ್‌ಕೋಪರಿನಲ್ಲಿ ಸಿದ್ಧಿ ಸಾಯಿ ಕಟ್ಟಡ ಉರುಳಿ 17 ಮಂದಿ ಸತ್ತರು. ನೆಲ ಅಂತಸ್ತಿನಲ್ಲಿ ರಿಪೇರಿಯ ಹೆಸರಿನಲ್ಲಿ ಪಿಲ್ಲರುಗಳಿಗೇ ಕೈಹಾಕಿದ್ದರೆಂಬ ಆರೋಪ ಬಂತು.

ಹಾಗಾದರೆ ಜನ ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿಯೂ ಬುಡಕ್ಕೆ ಏಕೆ ಹೋಗುವುದಿಲ್ಲ? ಇಲ್ಲಿದೆ ನೋಡಿ ಈ ಹುಡುಕಾಟದ ದೊಡ್ಡ ಸೋಜಿಗ. ನೀರು ಕಾಣಿಸಿಕೊಳ್ಳುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು! ಸ್ಲ್ಯಾಬಿನೊಳಗೆ ಸರಳಿನ ಗುಂಟ, ಟೈಲ್ಸಿನ ಅಡಿಯ ಗಾರೆಯ ಗುಂಟ ಅದು ಒಂದು ರೂಮಿನಿಂದ ಇನ್ನೊಂದಕ್ಕೆ ಸಂಚಾರ ಹೊರಡುತ್ತದೆ. ಸೊಸೈಟಿಯ ಬೈಲಾ ಪ್ರಕಾರ ಮಳೆನೀರಿನ ಸೋರಿಕೆ, ಹೊರಗಿನ ಸಾರ್ವಜನಿಕ ಪೈಪಿನ ಸೋರಿಕೆ ಸೊಸೈಟಿಯ ಖರ್ಚು. ಮನೆಯೊಳಗಿನ ಬಾತ್‌ರೂಮಿನದು ಆ ಮನೆಯವರ ಖರ್ಚು. ನೀರು ಎಲ್ಲಿಯದೆಂದು ತೀರ್ಮಾನವಾಗುವವರೆಗೆ ಯಾರೂ ಜೇಬಿಗೆ ಕೈಹಾಕುವುದಿಲ್ಲ. ದಕ್ಷಿಣ ಮುಂಬಯಿಯಲ್ಲಿ ರಿಪೇರಿ ಸೆಸ್ ಕಟ್ಟುವ ಹಳೆಯ ಕಟ್ಟಡಗಳಿಗೆ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ರಿಪೇರಿ ಮಂಡಳಿಯಾದರೂ ಇದೆ; ಮುಲುಂಡಿನಂಥ ಉಪನಗರದವರು ತಮ್ಮ ರಿಪೇರಿ ತಾವೇ ನೋಡಿಕೊಳ್ಳಬೇಕು. ಆ ನಡುವಿನ ಕಾಲದಲ್ಲಿ ಹುಟ್ಟಿದ್ದು ಪರಾತ!

ತೀರ್ಮಾನ ಮಾಡುವ ಉಪಾಯವೂ ಅಷ್ಟೇ ಸೊಗಸು. ಮೇಲಿನ ಮನೆಯ ಬಾತ್‌ರೂಮಿನ ನಹಾಣಿ ಮುಚ್ಚಿ, ನೆಲದ ಮೇಲೆ ಬಣ್ಣದ ನೀರು ನಿಲ್ಲಿಸಿ ಒಂದೆರಡು ದಿನ ಕಾಯುವುದು. ಕೆಳಗೆ ಅದೇ ಬಣ್ಣ ಇಳಿದರೆ ವಾದಕ್ಕೆ ಜಾಗವಿಲ್ಲ. ನಮ್ಮ ಇಂಜಿನಿಯರು ಪರಾತದ ಮನೆಗೂ ಇದೇ ಬಣ್ಣದ ಪರೀಕ್ಷೆ ಮಾಡಿಸಿದರು. ಬಾಗಿಲು ತೆಗೆಯದ ಮೇಲಿನ ಮನೆಯವರು ಆಡಿಟ್ ನೋಟಿಸಿಗೆ ಮಣಿದು ತೆಗೆದಿದ್ದರು. ಕೆಂಪು ನೀರು ಸುರಿದು ಎಲ್ಲರೂ ಕಾದರು. ಪರಾತಕ್ಕೆ ಬಿದ್ದದ್ದು ಬಣ್ಣವಿಲ್ಲದ ನೀರೇ! ಸೋರುತ್ತಿದ್ದದ್ದು ಅವರ ಬಾತ್‌ರೂಮಲ್ಲ, ಗೋಡೆಯೊಳಗೆ ಹಾದುಹೋದ ಸೊಸೈಟಿಯ ಪೈಪು. ಎರಡು ಮನೆಗಳ ಮಾತು ಬಿಟ್ಟುಹೋದದ್ದು ಇಬ್ಬರದೂ ಅಲ್ಲದ ತಪ್ಪಿಗೆ!

ಮುಲುಂಡಿನ ಹಳೆಯ ಸೊಸೈಟಿಗಳು ಈಗ ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಬುಲ್ಡೋಜರ್ ಬಂದರೆ ಸೈಕಲ್ ಟ್ಯೂಬು, ಇಂಗು, ಗಾಜಿನ ಪಟ್ಟಿ ಎಲ್ಲ ಒಂದೇ ರಾಶಿ. ಅದಕ್ಕೂ ಮುಂಚೆ ನಿಮ್ಮ ಮನೆಯ ಕ್ಯಾಲೆಂಡರನ್ನೂ ಒಮ್ಮೆ ಸರಿಸಿ. ಹಿಂದೆ ಕಲೆ ಕಂಡರೆ ಪೇಂಟರನ್ನು ಕರೆಯುವ ಮೊದಲು ಮೇಲಿನ ಮನೆಯ ಬೆಲ್ ಒತ್ತಿ, ಬಣ್ಣದ ನೀರಿನ ಬಕೆಟ್ ಜೊತೆಗಿರಲಿ.